ಸಾವಿರಗಟ್ಟಲೆ ಮೇಲ್ ತುಂಬಿದ ಇನ್‌ಬಾಕ್ಸ್ ಶುಚಿ ಮಾಡಲು ಜಿಮೇಲ್ ಒಂದೇ ಸಾಕೇ?

ಸಾಕು. ಬಹುಪಾಲು ಜನರಿಗೆ ಬೇರೆ ಕ್ಲೀನರ್ ಆ್ಯಪ್ ಬೇಕಾಗುವುದೇ ಇಲ್ಲ. ಆದರೆ ಎರಡು ಷರತ್ತುಗಳಿವೆ: ಕೆಲಸವನ್ನು ಫೋನಿನಲ್ಲಲ್ಲ, ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮಾಡಬೇಕು, ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಬಾರದು. ಜಿಮೇಲ್ ತನ್ನ ಒಳ್ಳೆಯ ಸಲಕರಣೆಗಳನ್ನು ಕಣ್ಣಿಗೆ ಬೀಳದ ಕಡೆ ಇಟ್ಟು, ಎಡವುವ ಗುಂಡಿಗಳನ್ನು ಮಾತ್ರ ಕೈಗೆಟಕುವಲ್ಲಿ ಇಟ್ಟಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ಹೊಗಳಿಕೆಗಿಂತ ಎಚ್ಚರಿಕೆ ಹೆಚ್ಚು.

ಇನ್‌ಬಾಕ್ಸ್ ಈ ಸ್ಥಿತಿಗೆ ಬರಲು ಬಳಕೆದಾರರ ಸೋಮಾರಿತನವೊಂದೇ ಕಾರಣವಲ್ಲ. 2004ರ ಏಪ್ರಿಲ್ 1ರಂದು ಜಿಮೇಲ್ ಶುರುವಾದಾಗ 1 ಜಿಬಿ ಜಾಗ ಕೊಟ್ಟಿತು. ಆಗ ಉಳಿದ ಉಚಿತ ಸೇವೆಗಳು ಕೊಡುತ್ತಿದ್ದುದು ಬೆರಳೆಣಿಕೆಯ ಎಂಬಿ ಮಾತ್ರ. ಇನ್ನು ಮೇಲೆ ಯಾವ ಮೇಲನ್ನೂ ಅಳಿಸಬೇಕಿಲ್ಲ, ಹುಡುಕಿದರೆ ಸಿಗುತ್ತದೆ ಎಂದೇ ಗೂಗಲ್ ಪ್ರಚಾರ ಮಾಡಿದ್ದು. ಜನ ಅದನ್ನು ನಂಬಿದರು. ಈಗ ಉಚಿತ ಖಾತೆಗೆ ಸಿಗುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸದಾಗಿ ಏರಿಸುವ ಫೋಟೋಗಳೂ ಅದೇ ಲೆಕ್ಕಕ್ಕೆ ಸೇರಿದವು. ಜಾಗ ಪೂರ್ತಿ ತುಂಬಿದರೆ ಮೇಲ್ ಕಳಿಸಲೂ ಆಗದು, ಬರುವ ಮೇಲ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಅಲ್ಲಿಯವರೆಗೆ ಯಾರೂ ಈ ಕಡೆ ತಿರುಗಿ ನೋಡುವುದಿಲ್ಲ ಎನ್ನುವುದೇ ತೊಂದರೆ.

ಮೊದಲು ಕೈಹಾಕಬೇಕಾದ್ದು ಡಿಲೀಟ್ ಗುಂಡಿಗಲ್ಲ, ಸೆಟ್ಟಿಂಗ್ಸ್‌ಗೆ

ಜಿಮೇಲ್ ಮಾಮೂಲಿಯಾಗಿ ಮೇಲ್‌ಗಳನ್ನು ಒಂಟಿಯಾಗಿ ತೋರಿಸುವುದಿಲ್ಲ. ಒಂದು ಮೇಲ್, ಅದರ ಉತ್ತರ, ಉತ್ತರಕ್ಕೆ ಉತ್ತರ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿ ಕೊಡುತ್ತದೆ. ಇದರ ಹೆಸರು ಕಾನ್ವರ್ಸೇಷನ್ ವ್ಯೂ. ಓದುವಾಗ ಇದು ಅನುಕೂಲ, ಅಳಿಸುವಾಗ ಹಳ್ಳ. ಎರಡು ವರ್ಷಕ್ಕಿಂತ ಹಳೆಯ ಮೇಲ್‌ಗಳನ್ನು ಹುಡುಕಿ ಎಲ್ಲವನ್ನೂ ಅಳಿಸಿದಿರಿ ಎನ್ನಿ. ಒಂದು ಸರಣಿಯಲ್ಲಿ ಒಂದೇ ಒಂದು ಮೇಲ್ ಎರಡು ವರ್ಷ ಹಳೆಯದಾಗಿದ್ದರೂ ಆ ಸಾಲು ಹುಡುಕಾಟಕ್ಕೆ ಸಿಗುತ್ತದೆ. ಅಳಿಸಿದಾಗ ಅದೇ ಸರಣಿಯಲ್ಲಿ ಕಳೆದ ವಾರ ಬಂದ ಉತ್ತರವೂ ಜೊತೆಗೇ ಹೋಗುತ್ತದೆ. ಪರದೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಆದ್ದರಿಂದ ಬಲಮೇಲಿನ ಗೇರ್ ಚಿಹ್ನೆ ಒತ್ತಿ, ಸೀ ಆಲ್ ಸೆಟ್ಟಿಂಗ್ಸ್‌ಗೆ ಹೋಗಿ, ಜನರಲ್ ಪುಟದಲ್ಲಿ ಕಾನ್ವರ್ಸೇಷನ್ ವ್ಯೂ ಆಫ್ ಮಾಡಿ. ಅದೇ ಪುಟದಲ್ಲಿ ಒಂದು ಪರದೆಗೆ ಎಷ್ಟು ಮೇಲ್ ತೋರಿಸಬೇಕು ಎಂಬ ಆಯ್ಕೆ 50ರಲ್ಲಿರುತ್ತದೆ, 100ಕ್ಕೆ ಏರಿಸಿ. ಆಮೇಲೆ ಪುಟದ ಕೆಳತುದಿಯವರೆಗೂ ಇಳಿದು ಸೇವ್ ಚೇಂಜಸ್ ಒತ್ತಿ. ಈ ಗುಂಡಿ ಕಣ್ಣಿಗೆ ಬೀಳದೆ, ಬದಲಾವಣೆ ಆಗಿದೆ ಅಂದುಕೊಂಡು ಹೊರಬರುವವರು ಬಹಳ. ಕೆಲಸ ಮುಗಿದ ಮೇಲೆ ಬೇಕಿದ್ದರೆ ವ್ಯೂ ಮತ್ತೆ ಆನ್ ಮಾಡಿಕೊಳ್ಳಬಹುದು.

ಇದರ ಜೊತೆಗೇ ಕಳೆದುಕೊಳ್ಳಬಾರದ ಮೇಲ್‌ಗಳಿಗೆ ನಕ್ಷತ್ರ ಹಾಕಿಬಿಡಿ: ವಿಮೆಯ ಪಾಲಿಸಿ, ತೆರಿಗೆಯ ಕಾಗದ, ಸಾಫ್ಟ್‌ವೇರ್ ಲೈಸೆನ್ಸ್ ಕೀ, ಕೆಲಸದ ಆಫರ್ ಲೆಟರ್, ಯಾವುದಾದರೂ ಖಾತೆ ತೆರೆದಾಗ ಬಂದ ಮೊದಲ ಮೇಲ್. ಮುಂದಿನ ಪ್ರತಿ ಹುಡುಕಾಟದಲ್ಲೂ ನಕ್ಷತ್ರವಿರುವುದನ್ನು ಹೊರಗಿಡಬಹುದು. ಇನ್ನೂ ಭಯವಿದ್ದರೆ, ನಮ್ಮ ಮಾಹಿತಿಯ ಪ್ರತಿ ಕೊಡುವ ಗೂಗಲ್ ಟೇಕ್‌ಔಟ್ ಸೇವೆಯಿಂದ ಇಡೀ ಮೇಲ್ ಪೆಟ್ಟಿಗೆಯ ಪ್ರತಿಯನ್ನು ಎಂಬಾಕ್ಸ್ ಎಂಬ ಫೈಲಿನ ರೂಪದಲ್ಲಿ ಇಳಿಸಿಕೊಳ್ಳಿ. ಅದನ್ನು ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶದಲ್ಲಿ ತೆರೆದು ಓದಬಹುದು. ಟೇಕ್‌ಔಟ್‌ನಲ್ಲಿ ಬರೀ ಮೇಲ್ ಒಂದನ್ನೇ ಟಿಕ್ ಮಾಡಿ. ಎಲ್ಲವನ್ನೂ ಬಿಟ್ಟರೆ ಫೋಟೋ, ಡ್ರೈವ್ ಎಲ್ಲ ಸೇರಿ ಫೈಲು ಬೆಟ್ಟದಷ್ಟಾಗುತ್ತದೆ.

ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್: ತಡವಾಗಿ ಬಂದರೂ ಒಳ್ಳೆಯದೇ ಬಂತು

ಹಳೆಯ ಮೇಲ್ ಅಳಿಸುವ ಮೊದಲು ಹೊಸದು ಬರುವುದನ್ನು ನಿಲ್ಲಿಸಬೇಕು. ಇದಕ್ಕೆಂದೇ 2025ರ ಜುಲೈನಲ್ಲಿ ಜಿಮೇಲ್ ಮ್ಯಾನೇಜ್ ಸಬ್‌ಸ್ಕ್ರಿಪ್ಷನ್ಸ್ ಎಂಬ ಪುಟ ತಂದಿತು. ಎಡಗಡೆಯ ಪಟ್ಟಿಯಲ್ಲಿ ಮೋರ್ ಒತ್ತಿದರೆ ಸಿಗುತ್ತದೆ. ನಿಮಗೆ ಗುಂಪುಮೇಲ್ ಕಳಿಸುವವರೆಲ್ಲ ಅಲ್ಲಿ ಸಾಲಾಗಿರುತ್ತಾರೆ. ಹೆಚ್ಚು ಕಳಿಸುವವರು ಮೇಲೆ, ಕಡಿಮೆ ಕಳಿಸುವವರು ಕೆಳಗೆ; ಇತ್ತೀಚೆಗೆ ಸುಮಾರು ಎಷ್ಟು ಕಳಿಸಿದ್ದಾರೆ ಎಂಬ ಲೆಕ್ಕವೂ ಪಕ್ಕದಲ್ಲಿ. ಹೆಸರು ಒತ್ತಿದರೆ ಅವರ ಮೇಲ್‌ಗಳು, ಪಕ್ಕದ ಗುಂಡಿ ಒತ್ತಿದರೆ ಅನ್‌ಸಬ್‌ಸ್ಕ್ರೈಬ್. ಮೇಲಿನ ಇಪ್ಪತ್ತು ಮೂವತ್ತು ಹೆಸರುಗಳನ್ನು ಕಿತ್ತರೆ ದಿನದ ಹರಿವು ಎದ್ದು ಕಾಣುವಷ್ಟು ಇಳಿಯುತ್ತದೆ. ಪಟ್ಟಿಯ ಬಾಲದಲ್ಲಿರುವ, ತಿಂಗಳಿಗೊಮ್ಮೆ ಕಳಿಸುವವರ ಬೆನ್ನು ಹತ್ತುವುದು ದಂಡ.

ಗುಂಡಿಯ ಹಿಂದೆ ನಡೆಯುವುದು ಇಷ್ಟು. ಕಳಿಸುವ ಸಂಸ್ಥೆ ಪ್ರತಿ ಮೇಲ್‌ನ ತಲೆಬರಹದಲ್ಲಿ, ಅಂದರೆ ನಮಗೆ ಕಾಣದ ಹೆಡರ್ ಭಾಗದಲ್ಲಿ, ಬಿಡುಗಡೆಗೊಂದು ವಿಳಾಸ ಇಟ್ಟಿರುತ್ತದೆ. ನೀವು ಒತ್ತಿದಾಗ ಜಿಮೇಲ್ ಆ ವಿಳಾಸಕ್ಕೆ ಒಂದು ಪೋಸ್ಟ್ ಕೋರಿಕೆ, ಅಂದರೆ ಬರೀ ಪುಟ ತೆರೆಯದೆ ಮಾಹಿತಿ ಒಪ್ಪಿಸುವ ಬಗೆಯ ಕೋರಿಕೆ, ಕಳಿಸುತ್ತದೆ. ಬರೀ ಲಿಂಕ್ ತೆರೆದರೆ ಸಾಕಿತ್ತಲ್ಲ ಅನ್ನಿಸಬಹುದು. ಸಾಕಾಗಲಿಲ್ಲ: ಕಚೇರಿಗಳ ವೈರಸ್ ತಪಾಸಣೆ ಯಂತ್ರಗಳು ಮೇಲಿನಲ್ಲಿರುವ ಲಿಂಕ್‌ಗಳನ್ನೆಲ್ಲ ತಾವೇ ತೆರೆದು ನೋಡುವುದರಿಂದ, ಯಾರೂ ಕೇಳದೆಯೇ ಜನರ ಹೆಸರು ಪಟ್ಟಿಯಿಂದ ಹೊರಬೀಳುತ್ತಿತ್ತು. ಅದನ್ನು ತಪ್ಪಿಸಲು 2017ರಲ್ಲಿ ಈ ಒಂದೇ ಒತ್ತಿನ ಪದ್ಧತಿಯನ್ನು ಆರ್‌ಎಫ್‌ಸಿ 8058 ಎಂಬ ಅಂತರ್ಜಾಲ ಮಾನದಂಡವಾಗಿ ಗೊತ್ತುಮಾಡಿದರು. ಇದಕ್ಕೆ ಹಲ್ಲು ಬಂದದ್ದು 2024ರಲ್ಲಿ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಪ್ರಚಾರದ ಮೇಲ್‌ಗಳಿಗೆ ಇದನ್ನು ಅಳವಡಿಸಲೇಬೇಕು, ಕೋರಿಕೆ ಬಂದ ಎರಡು ದಿನದೊಳಗೆ ಹೆಸರು ತೆಗೆಯಬೇಕು ಎಂದು ಗೂಗಲ್ ಮತ್ತು ಯಾಹೂ ನಿಯಮ ಮಾಡಿದವು. ಹಾಗಾಗಿ ಗುಂಡಿ ಒತ್ತಿದ ಮರುದಿನವೂ ಮೇಲ್ ಬಂದರೆ ಸಿಟ್ಟಾಗಬೇಡಿ. ನಾಲ್ಕನೇ ದಿನವೂ ಬಂದರೆ ಸ್ಪ್ಯಾಮ್ ಗುಂಡಿ ಒತ್ತಲು ಸಂಕೋಚ ಬೇಡ.

ಪುಟದ ಕುಂದುಕೊರತೆಗಳೂ ಇವೆ. ಅನ್‌ಸಬ್‌ಸ್ಕ್ರೈಬ್ ಮಾಡಿದರೆ ಹಳೆಯ ಮೇಲ್‌ಗಳು ಅಲ್ಲೇ ಇರುತ್ತವೆ. ಆ ಕೆಲಸ ಬೇರೆ ಮಾಡಬೇಕು. ಒಂದೇ ಸಂಸ್ಥೆ ಆಫರ್‌ಗೊಂದು, ಸುದ್ದಿಪತ್ರಕ್ಕೊಂದು, ಸಮೀಕ್ಷೆಗೊಂದು ವಿಳಾಸ ಇಟ್ಟುಕೊಂಡಿದ್ದರೆ ಒಂದೊಂದನ್ನೂ ಪ್ರತ್ಯೇಕ ಬಿಡಿಸಿಕೊಳ್ಳಬೇಕು. ಒಂದೇ ಒತ್ತಿನ ವ್ಯವಸ್ಥೆ ಇಲ್ಲದವರ ವಿಷಯದಲ್ಲಿ ಜಿಮೇಲ್ ನಿಮ್ಮನ್ನು ಅವರ ವೆಬ್‌ಸೈಟಿಗೆ ಸಾಗಹಾಕುತ್ತದೆ, ಅಲ್ಲಿ ಲಾಗಿನ್ ಆಗಿ ಟಿಕ್ ತೆಗೆಯುವ ರಗಳೆ ಇದ್ದೇ ಇದೆ. ಇನ್ನು ಬಿಲ್ಲು, ರಸೀದಿ, ಲಾಗಿನ್ ಎಚ್ಚರಿಕೆಯಂಥವು ಚಂದಾ ಅಲ್ಲವಾದ್ದರಿಂದ ಅವುಗಳಿಂದ ಈ ದಾರಿಯಲ್ಲಿ ಬಿಡುಗಡೆ ಸಿಗದು.

ಅನ್‌ಸಬ್‌ಸ್ಕ್ರೈಬ್, ಸ್ಪ್ಯಾಮ್, ಬ್ಲಾಕ್ ಈ ಮೂರನ್ನೂ ಒಂದೇ ಎಂದುಕೊಂಡರೆ ಎಡವಟ್ಟಾಗುತ್ತದೆ. ನೀವೇ ಎಂದೋ ವಿಳಾಸ ಕೊಟ್ಟ ನಿಜವಾದ ಸಂಸ್ಥೆಗೆ ಅನ್‌ಸಬ್‌ಸ್ಕ್ರೈಬ್ ಸರಿ. ಗೊತ್ತೇ ಇಲ್ಲದವರ ಮೇಲಾದರೆ ಅದರ ಒಳಗಿನ ಲಿಂಕ್ ಮುಟ್ಟಲೇಬೇಡಿ. ಒತ್ತಿದರೆ ಈ ವಿಳಾಸದಲ್ಲಿ ಓದುವವರು ಇದ್ದಾರೆ ಎಂದು ನೀವೇ ಖಾತ್ರಿಪಡಿಸಿದ ಹಾಗೆ. ಅದಕ್ಕೆ ಸ್ಪ್ಯಾಮ್. ಆದರೆ ಟಿಕೆಟ್ಟನ್ನೋ ಬಿಲ್ಲನ್ನೋ ಕೂಡ ಕಳಿಸುವ ಸಂಸ್ಥೆಯ ಜಾಹೀರಾತಿಗೆ ಸಿಟ್ಟಿನಲ್ಲಿ ಸ್ಪ್ಯಾಮ್ ಒತ್ತುತ್ತಾ ಹೋದರೆ, ನಾಳೆ ಬೇಕಾದ ಟಿಕೆಟ್ಟೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳಬಹುದು. ಬ್ಲಾಕ್ ಮಾಡಿದರೆ ಮೇಲ್ ಬರುವುದು ನಿಲ್ಲುವುದಿಲ್ಲ, ಸೀದಾ ಸ್ಪ್ಯಾಮ್‌ಗೆ ಹೋಗುತ್ತದೆ, ಅಷ್ಟೇ.

ರಾಶಿ ಅಳಿಸುವ ಬಗೆ

ಜಿಮೇಲ್‌ನ ನಿಜವಾದ ಶಕ್ತಿ ಇರುವುದು ಹುಡುಕಾಟದ ಪಟ್ಟಿಯಲ್ಲಿ. ಈ ವಿಷಯದಲ್ಲಿ ಅದಕ್ಕೆ ಸಾಟಿಯಾದ ಉಚಿತ ಸೇವೆ ಇನ್ನೊಂದಿಲ್ಲ. ಪಟ್ಟಿಯ ಬಲತುದಿಯ ಚಿಹ್ನೆ ಒತ್ತಿದರೆ ಕಳಿಸಿದವರು, ವಿಷಯ, ಇರಬೇಕಾದ ಪದ, ಇರಬಾರದ ಪದ, ಗಾತ್ರ, ದಿನಾಂಕ ತುಂಬುವ ಫಾರಂ ತೆರೆದುಕೊಳ್ಳುತ್ತದೆ. ಸೂತ್ರಗಳನ್ನು ನೇರವಾಗಿ ಟೈಪ್ ಮಾಡುವುದು ಇನ್ನೂ ಬೇಗ. ಓದಲು ಸುಲಭವಾಗಲಿ ಎಂದು ಕೆಳಗೆ ಸೂತ್ರಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು, ಕೋಲನ್, ಮೈನಸ್, ಅಡಿಗೆರೆ ಎಲ್ಲ ಇದ್ದ ಹಾಗೇ ಇರಬೇಕು.

ಜಿಮೇಲ್ ಬರುವ ಮೇಲ್‌ಗಳನ್ನು ತಾನೇ ಸೋಷಿಯಲ್, ಪ್ರಮೋಷನ್ಸ್, ಅಪ್‌ಡೇಟ್ಸ್ ಎಂಬಂಥ ವರ್ಗಗಳಾಗಿ ವಿಂಗಡಿಸುತ್ತದೆ. ಮೊದಲ ಬಲಿ ಸೋಷಿಯಲ್ ವರ್ಗ. «ಕ್ಯಾಟಗರಿ:ಸೋಷಿಯಲ್ ಓಲ್ಡರ್_ದ್ಯಾನ್:1ಎಂ -ಈಸ್:ಸ್ಟಾರ್ಡ್» ಎಂದು ಹೊಡೆದರೆ ಒಂದು ತಿಂಗಳಿಗಿಂತ ಹಳೆಯ, ನಕ್ಷತ್ರವಿಲ್ಲದ ಸಾಮಾಜಿಕ ಜಾಲತಾಣಗಳ ಸೂಚನೆಗಳೆಲ್ಲ ಬರುತ್ತವೆ. ಇವನ್ನು ಯೋಚನೆಯಿಲ್ಲದೆ ಅಳಿಸಬಹುದು. ಮೂಲ ಸಂದೇಶ ಆಯಾ ತಾಣದಲ್ಲೇ ಇರುತ್ತದೆ. ಎರಡನೆಯದು «ಕ್ಯಾಟಗರಿ:ಪ್ರಮೋಷನ್ಸ್ ಓಲ್ಡರ್_ದ್ಯಾನ್:6ಎಂ -ಈಸ್:ಸ್ಟಾರ್ಡ್». ಇಲ್ಲಿ ಮೊದಲ ಎರಡು ಮೂರು ಪುಟಗಳ ಮೇಲಾದರೂ ಕಣ್ಣಾಡಿಸಿ. ಗಿಫ್ಟ್ ಕಾರ್ಡು, ವಾರಂಟಿ ನೋಂದಣಿಯಂಥವು ಜಾಹೀರಾತಿನ ವೇಷದಲ್ಲಿ ಇಲ್ಲಿ ಅಡಗಿರುವುದುಂಟು.

ಅಪ್‌ಡೇಟ್ಸ್ ವರ್ಗಕ್ಕೆ ಮಾತ್ರ ಹೀಗೆ ಸಾರಾಸಗಟಾಗಿ ಕೈಹಾಕಬಾರದು. ಬ್ಯಾಂಕಿನ ಸ್ಟೇಟ್‌ಮೆಂಟು, ಬಿಲ್ಲು, ಪ್ರಯಾಣದ ಟಿಕೆಟ್ಟು ಎಲ್ಲ ಬೀಳುವುದು ಇಲ್ಲಿಗೇ. ಇಲ್ಲಿ ಕಳಿಸಿದವರ ಹೆಸರು ಹಿಡಿದು ಒಬ್ಬೊಬ್ಬರನ್ನೇ ತೆಗೆಯಬೇಕು. ಫ್ರಮ್ ಸೂತ್ರಕ್ಕೆ ಪೂರ್ತಿ ವಿಳಾಸ ಬೇಕಿಲ್ಲ, ಅಟ್ ಗುರುತಿನ ನಂತರದ ಡೊಮೈನ್ ಕೊಟ್ಟರೆ ಆ ಸಂಸ್ಥೆಯ ಎಲ್ಲ ವಿಳಾಸಗಳೂ ಒಟ್ಟಿಗೆ ಸಿಗುತ್ತವೆ. ಒಟಿಪಿ ಮೇಲ್‌ಗಳಿಗೆ «ಸಬ್ಜೆಕ್ಟ್:(ಒಟಿಪಿ ಆರ್ "ವೆರಿಫಿಕೇಷನ್ ಕೋಡ್") ಓಲ್ಡರ್_ದ್ಯಾನ್:7ಡಿ» ಚೆನ್ನಾಗಿ ಕೆಲಸ ಮಾಡುತ್ತದೆ. ಇದರಲ್ಲಿ 7ಡಿ ಎಂದರೆ ಏಳು ದಿನ. ಅಥವಾ ಎಂಬರ್ಥದ ಇಂಗ್ಲಿಷಿನ ಆರ್ ಪದ ದೊಡ್ಡಕ್ಷರದಲ್ಲೇ ಇರಬೇಕು, ಸಣ್ಣಕ್ಷರದಲ್ಲಿ ಹೊಡೆದರೆ ಜಿಮೇಲ್ ಅದನ್ನೂ ಹುಡುಕಬೇಕಾದ ಪದ ಎಂದುಕೊಳ್ಳುತ್ತದೆ. ಮೈನಸ್ ಗುರುತಿನ ನಂತರ ಜಾಗ ಬಿಡುವಂತಿಲ್ಲ. ಅರ್ಧ ಪದ ಕೊಟ್ಟು ಹುಡುಕಿದರೆ ಸಿಗುವುದಿಲ್ಲ, ಪೂರ್ತಿ ಪದವೇ ಬೇಕು. ಸೂತ್ರ ಕೈಕೊಟ್ಟಾಗ ನೋಡಬೇಕಾದ್ದು ಈ ಮೂರನ್ನೇ.

ಮೇಲ್‌ಗಳು ಬಂದ ಮೇಲೆ ಎಡಮೇಲಿನ ಚೌಕಕ್ಕೆ ಟಿಕ್ ಹಾಕಿ. ಬಹಳ ಜನ ಸೋಲುವುದು ಇಲ್ಲೇ. ಆ ಟಿಕ್ ಆರಿಸುವುದು ಆ ಒಂದು ಪುಟದ 50 ಅಥವಾ 100 ಮೇಲ್‌ಗಳನ್ನು ಮಾತ್ರ. ಟಿಕ್ ಹಾಕಿದ ಕೂಡಲೇ ಪಟ್ಟಿಯ ನೆತ್ತಿಯ ಮೇಲೆ ಸಣ್ಣ ಅಕ್ಷರದ ಒಂದು ಸಾಲು ಮೂಡುತ್ತದೆ: ಈ ಪುಟದಲ್ಲಿರುವಷ್ಟನ್ನು ಆರಿಸಲಾಗಿದೆ, ಹುಡುಕಾಟಕ್ಕೆ ಹೊಂದುವ ಎಲ್ಲವನ್ನೂ ಆರಿಸಬೇಕೇ ಎಂದು. ಆ ನೀಲಿ ಲಿಂಕ್ ಒತ್ತಿದರೆ ಮಾತ್ರ ಸಾವಿರಗಳು ಒಟ್ಟಿಗೆ ಸಿಕ್ಕಿಬೀಳುತ್ತವೆ. ಆಮೇಲೆ ಕಸದ ಬುಟ್ಟಿಯ ಚಿಹ್ನೆ, ಖಾತ್ರಿ ಕೇಳುವ ಪೆಟ್ಟಿಗೆ, ಓಕೆ. ಇಷ್ಟು ಮುಖ್ಯವಾದ ಲಿಂಕನ್ನು ಇಷ್ಟು ಸಣ್ಣದಾಗಿ ಇಟ್ಟಿರುವುದು ಜಿಮೇಲ್ ವಿನ್ಯಾಸದ ದೊಡ್ಡ ತಪ್ಪು. ಫೋನಿನ ಆ್ಯಪ್‌ನಲ್ಲಿ ಇಂಥ ಲಿಂಕೇ ಇಲ್ಲ, ಅದಕ್ಕೇ ಮೊದಲಲ್ಲಿ ಕಂಪ್ಯೂಟರ್ ಎಂದದ್ದು.

ಹತ್ತಾರು ಸಾವಿರ ಮೇಲ್‌ಗಳನ್ನು ಒಂದೇ ಏಟಿಗೆ ಅಳಿಸಹೋದರೆ ಪುಟ ಲೋಡಿಂಗ್ ಎಂದು ತೋರಿಸುತ್ತಾ ನಿಂತುಬಿಡುವುದು, ಅರ್ಧ ಅಳಿಸಿ ದೋಷ ತೋರಿಸುವುದು ಮಾಮೂಲು. ಪುಟ ರಿಫ್ರೆಶ್ ಮಾಡಿ ಅದೇ ಸೂತ್ರ ಮತ್ತೆ ಓಡಿಸಿದರೆ ಉಳಿದದ್ದು ಹೋಗುತ್ತದೆ. ಅದಕ್ಕಿಂತ ಒಳ್ಳೆಯದು ವರ್ಷವಾರು ಹೋಗುವುದು: «ಆಫ್ಟರ್:2018/01/01 ಬಿಫೋರ್:2019/01/01» ಎಂದು ಒಂದೊಂದು ವರ್ಷದ ತುಂಡು ಮಾಡಿಕೊಂಡರೆ ಜಿಮೇಲ್ ತಡವರಿಸುವುದಿಲ್ಲ, ಏನು ಅಳಿಸುತ್ತಿದ್ದೇವೆ ಎಂಬುದೂ ಕಣ್ಣಳತೆಯಲ್ಲಿ ಇರುತ್ತದೆ. ತಪ್ಪಾದರೆ ಪರದೆಯ ಕೆಳಮೂಲೆಯಲ್ಲಿ ಅನ್‌ಡೂ ಕೆಲವು ಸೆಕೆಂಡು ಮಾತ್ರ ಇರುತ್ತದೆ. ಅದು ಮಾಯವಾದರೂ ಗಾಬರಿ ಬೇಡ, ಅಳಿಸಿದ್ದೆಲ್ಲ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಅಷ್ಟರೊಳಗೆ ಅಲ್ಲಿಂದ ಮೂವ್ ಟು ಇನ್‌ಬಾಕ್ಸ್ ಮಾಡಿದರೆ ವಾಪಸ್.

ಜಾಗ ತಿನ್ನುವುದು ಜಾಹೀರಾತಲ್ಲ

ಹತ್ತು ಸಾವಿರ ಮೇಲ್ ಅಳಿಸಿದರೂ ಜಾಗ ಅಷ್ಟೇ ಇದೆಯಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 102 ಕೆಬಿ ದಾಟಿದ ಮೇಲನ್ನು ಜಿಮೇಲ್ ಪೂರ್ತಿ ತೋರಿಸದೆ ನಡುವೆ ಕತ್ತರಿಸುತ್ತದೆ. ಅದಕ್ಕೇ ಪ್ರಚಾರದ ಮೇಲ್ ರೂಪಿಸುವವರು ಆ ಮಿತಿಯೊಳಗೇ ಇರಲು ಒದ್ದಾಡುತ್ತಾರೆ. ಅದರಲ್ಲಿ ಕಾಣುವ ಚಿತ್ರಗಳು ಸಾಮಾನ್ಯವಾಗಿ ಅವರ ಸರ್ವರ್‌ನಿಂದ ಬರುವಂಥವು, ನಿಮ್ಮ ಖಾತೆಯಲ್ಲಿ ಕೂರುವುದಿಲ್ಲ. ಒಂದೊಂದು 100 ಕೆಬಿ ಎಂದೇ ಹಿಡಿದರೂ ಹತ್ತು ಸಾವಿರಕ್ಕೆ ಆಗುವುದು 1 ಜಿಬಿ. ಅದೇ 25 ಎಂಬಿಯ ಅಟ್ಯಾಚ್‌ಮೆಂಟ್ ಇರುವ ಮೇಲ್‌ಗಳಾದರೆ 40ಕ್ಕೇ ಅಷ್ಟು ಜಾಗ ಬಿಡುಗಡೆ. ಜಾಗಕ್ಕಾಗಿ ಪ್ರಮೋಷನ್ಸ್ ಬಗೆಯುವುದು ಗುಡ್ಡ ಅಗೆದು ಇಲಿ ಹಿಡಿದ ಕಥೆ. ಅದನ್ನು ಅಳಿಸುವುದು ಕಣ್ಣಿಗೆ ನೆಮ್ಮದಿಯಾಗಲಿ ಎಂದು, ಜಾಗಕ್ಕಲ್ಲ.

ಜಾಗಕ್ಕಾದರೆ ಮೊದಲು ಗೂಗಲ್‌ನ ಜಾಗದ ಲೆಕ್ಕ ತೋರಿಸುವ ಗೂಗಲ್ ಒನ್‌ನ ಸ್ಟೋರೇಜ್ ಪುಟ ತೆರೆದು ಮೂರರಲ್ಲಿ ಯಾರು ಎಷ್ಟು ತಿಂದಿದ್ದಾರೆ ನೋಡಿ. 15ರಲ್ಲಿ 11 ಜಿಬಿ ಫೋಟೋಗಳೇ ಆಗಿದ್ದರೆ ಮೇಲ್ ಅಳಿಸಿ ಪ್ರಯೋಜನವಿಲ್ಲ. ಜಿಮೇಲ್‌ದೇ ತಪ್ಪು ಎಂದಾದರೆ «ಲಾರ್ಜರ್:10ಎಂ» ಎಂದು ಹುಡುಕಿ (ಇಲ್ಲಿ ಎಂ ಎಂದರೆ ತಿಂಗಳಲ್ಲ, ಎಂಬಿ), ಆಮೇಲೆ 5ಎಂಗೆ ಇಳಿಯಿರಿ. ಜಿಮೇಲ್‌ನಲ್ಲಿ ಗಾತ್ರದ ಪ್ರಕಾರ ಜೋಡಿಸುವ ಗುಂಡಿ ಇಲ್ಲ, ಇದು ಇಷ್ಟು ವರ್ಷವಾದರೂ ಸರಿಹೋಗದ ಕೊರತೆ. ಗೂಗಲ್ ಒನ್‌ನ ಸ್ಟೋರೇಜ್ ಮ್ಯಾನೇಜರ್ ಮಾತ್ರ ದೊಡ್ಡ ಮೇಲ್‌ಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೋರಿಸುತ್ತದೆ.

ಹುಡುಕುವಾಗ ಸೆಂಟ್ ಪೆಟ್ಟಿಗೆ ಮರೆಯಬೇಡಿ. ನೀವು ಕಳಿಸಿದ ವಿಡಿಯೊ, ಫಾರ್ವರ್ಡ್ ಮಾಡಿದ ಪಿಡಿಎಫ್ ಎಲ್ಲದರ ಪ್ರತಿ ಅಲ್ಲಿದೆ. ಒಂದೇ ಫೈಲನ್ನು ಮೂರು ಸಲ ಫಾರ್ವರ್ಡ್ ಮಾಡಿದ್ದರೆ ಮೂರು ಪ್ರತಿ. ಫೈಲು ಮೇಲಿನಲ್ಲಿ ಹೋಗುವಾಗ ಅಕ್ಷರರೂಪಕ್ಕೆ ಬದಲಾಗಬೇಕಾದ್ದರಿಂದ, ಪ್ರತಿ 3 ಬೈಟಿಗೆ 4 ಅಕ್ಷರದಂತೆ ಮೂರನೇ ಒಂದು ಪಾಲು ಊದಿಕೊಳ್ಳುತ್ತದೆ. 18 ಎಂಬಿಯ ಫೈಲು ಮೇಲಿನಲ್ಲಿ 24 ಎಂಬಿಗೂ ಮೀರಿ ಕಾಣುವುದು ಇದಕ್ಕೇ.

ಅಟ್ಯಾಚ್‌ಮೆಂಟ್ ಬೇಡ, ಮೇಲ್‌ನ ಒಕ್ಕಣೆ ಬೇಕು ಎಂದರೆ ಜಿಮೇಲ್‌ನಲ್ಲಿ ದಾರಿ ಇಲ್ಲ. ಎರಡೂ ಇರಬೇಕು, ಇಲ್ಲವೇ ಎರಡೂ ಹೋಗಬೇಕು. ಫೈಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಒಕ್ಕಣೆಯನ್ನು ಪಿಡಿಎಫ್ ಆಗಿ ಪ್ರಿಂಟ್ ತೆಗೆದಿಟ್ಟು, ಮೇಲ್ ಅಳಿಸುವುದೇ ಸರಳ. ಸೇವ್ ಟು ಡ್ರೈವ್ ಮಾಡಿ ಜಾಗ ಉಳಿಸಿದೆ ಎಂದುಕೊಳ್ಳಬೇಡಿ, ಅದೂ ಅದೇ 15 ಜಿಬಿಯ ಪಾಲು.

ಟ್ರ್ಯಾಶ್‌ನಲ್ಲಿ ಇರುವವರೆಗೂ ಮೇಲ್ ಜಾಗ ತಿನ್ನುತ್ತಲೇ ಇರುತ್ತದೆ. ತುರ್ತಿದ್ದರೆ ಟ್ರ್ಯಾಶ್ ತೆರೆದು ಎಂಪ್ಟಿ ಟ್ರ್ಯಾಶ್ ನೌ ಒತ್ತಬೇಕು, ಆಮೇಲೆ ವಾಪಸ್ ಬರುವ ಮಾತಿಲ್ಲ. ಇಷ್ಟಾದ ಮೇಲೂ ಸ್ಟೋರೇಜ್ ಅಂಕಿ ಕೂಡಲೇ ಇಳಿಯದಿರಬಹುದು, ಒಂದು ದಿನ ಕಾದು ನೋಡಿ.

ಆರ್ಕೈವ್ ಎಂದರೆ ಅಳಿಸುವುದಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆರ್ಕೈವ್ ಮಾಡಿದರೆ ಇನ್‌ಬಾಕ್ಸ್ ಎಂಬ ಚೀಟಿ ಮಾತ್ರ ಕಳಚುತ್ತದೆ, ಮೇಲ್ ಮಾತ್ರ ‘ಆಲ್ ಮೇಲ್’ ಎಂಬ ಪೆಟ್ಟಿಗೆಯಲ್ಲಿ ಹಾಗೇ ಇರುತ್ತದೆ. ಜಿಮೇಲ್ ಆ್ಯಪ್‌ನಲ್ಲಿ ಬೆರಳಿನಿಂದ ಸರಿಸಿದರೆ ಮಾಮೂಲಿಯಾಗಿ ಆಗುವುದು ಆರ್ಕೈವ್. ಐಫೋನಿನ ಮೇಲ್ ಆ್ಯಪ್‌ಗೆ ಜಿಮೇಲ್ ಖಾತೆ ಜೋಡಿಸಿದ್ದರೂ ಅಷ್ಟೇ. ವರ್ಷಗಟ್ಟಲೆ ಸರಿಸಿ ಸರಿಸಿ ಅಳಿಸಿದೆವು ಎಂದುಕೊಂಡವರ ಮೇಲ್‌ಗಳೆಲ್ಲ ಅಲ್ಲಿ ಭದ್ರವಾಗಿರುತ್ತವೆ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ವೈಪ್ ಆ್ಯಕ್ಷನ್ ಅನ್ನು ಡಿಲೀಟ್‌ಗೆ ಬದಲಿಸಿಕೊಳ್ಳಬಹುದು.

ಫಿಲ್ಟರ್: ಒಳ್ಳೆಯದೇ, ಆದರೆ ಗಡಿಯಾರ ಗೊತ್ತಿಲ್ಲ

ಅನ್‌ಸಬ್‌ಸ್ಕ್ರೈಬ್ ಮಾಡಲಾಗದ, ಆದರೆ ಇನ್‌ಬಾಕ್ಸ್‌ನಲ್ಲಿ ಬೇಡದ ಮೇಲ್‌ಗಳಿಗೆ ಫಿಲ್ಟರ್ ಬೇಕು. ಹುಡುಕಾಟದ ಫಾರಂನಲ್ಲೇ ಕ್ರಿಯೇಟ್ ಫಿಲ್ಟರ್ ಇದೆ. ಮೊದಲು ಹುಡುಕಿ, ಸರಿಯಾದವೇ ಬರುತ್ತಿವೆ ಎಂದು ನೋಡಿಕೊಂಡು, ಆಮೇಲೆ ಫಿಲ್ಟರ್ ಮಾಡಿ. ಸ್ಕಿಪ್ ದಿ ಇನ್‌ಬಾಕ್ಸ್ ಮತ್ತು ಅಪ್ಲೈ ಲೇಬಲ್ ಎರಡಕ್ಕೂ ಟಿಕ್ ಹಾಕಿ. ಹಳೆಯ ಮೇಲ್‌ಗಳಿಗೂ ಅನ್ವಯಿಸು ಎನ್ನುವ ಕೊನೆಯ ಟಿಕ್ ಮರೆತರೆ ಫಿಲ್ಟರ್ ಮುಂದೆ ಬರುವವಕ್ಕೆ ಮಾತ್ರ. ಡಿಲೀಟ್ ಇಟ್ ಆಯ್ಕೆಯನ್ನು ಬರೀ ಪದದ ಆಧಾರದ ಮೇಲೆ ಯಾವತ್ತೂ ಹಾಕಬೇಡಿ. ಆಫರ್ ಎಂಬ ಪದ ಹಿಡಿದು ಅಳಿಸುವ ಫಿಲ್ಟರ್‌ಗೆ ಕೆಲಸದ ಆಫರ್ ಲೆಟರ್ ಯಾವುದು, ಸೀರೆ ಅಂಗಡಿಯ ಆಫರ್ ಯಾವುದು ಎಂದು ತಿಳಿಯುವುದಿಲ್ಲ.

ಫಿಲ್ಟರ್ ಓಡುವುದು ಮೇಲ್ ಬಂದ ಕ್ಷಣದಲ್ಲಿ ಮಾತ್ರ. ಹಾಗಾಗಿ ಒಟಿಪಿಯನ್ನು ಮೂರು ದಿನ ಇಟ್ಟು ಆಮೇಲೆ ಅಳಿಸು ಎಂದು ಅದಕ್ಕೆ ಹೇಳಲು ಬರುವುದಿಲ್ಲ. ಸ್ವಲ್ಪ ಕೋಡ್ ಗೊತ್ತಿದ್ದವರು ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್‌ನಲ್ಲಿ ನಾಲ್ಕು ಸಾಲು ಬರೆದು, ಅದೇ ಹುಡುಕಾಟದ ಸೂತ್ರ ಕೊಟ್ಟು, ದಿನಕ್ಕೊಮ್ಮೆ ಓಡುವ ಟ್ರಿಗರ್ ಹಾಕಿಕೊಳ್ಳಬಹುದು. ಒಂದು ಸಲಕ್ಕೆ 100 ಸರಣಿಗಳನ್ನಷ್ಟೇ ಟ್ರ್ಯಾಶ್‌ಗೆ ಕಳಿಸಲು ಅದು ಬಿಡುವುದರಿಂದ ನೂರು ನೂರರ ತುಂಡು ಮಾಡಬೇಕು, ಇಲ್ಲದಿದ್ದರೆ ಸ್ಕ್ರಿಪ್ಟ್ ದೋಷ ಕೊಟ್ಟು ನಿಲ್ಲುತ್ತದೆ. ಆದರೆ ಸ್ಕ್ರಿಪ್ಟ್ ಅಳಿಸುವುದೂ ಇಡೀ ಸರಣಿಯನ್ನೇ ಎಂಬುದು ನೆನಪಿರಲಿ.

ಈ ಒಂದು ವಿಷಯದಲ್ಲಿ ಮೈಕ್ರೋಸಾಫ್ಟ್‌ನ ಮೇಲ್ ಸೇವೆ ಔಟ್‌ಲುಕ್ ಮುಂದೆ. ಅದರ ವೆಬ್ ಆವೃತ್ತಿಯ ಸ್ವೀಪ್ ಗುಂಡಿ ಒಬ್ಬ ಕಳಿಸುಗನ ವಿಷಯದಲ್ಲಿ ನಾಲ್ಕು ದಾರಿ ಕೊಡುತ್ತದೆ: ಇರುವುದೆಲ್ಲ ತೆಗೆ, ಇರುವುದನ್ನೂ ಮುಂದೆ ಬರುವುದನ್ನೂ ತೆಗೆ, ತೀರಾ ಹೊಸದೊಂದನ್ನು ಇಟ್ಟು ಉಳಿದದ್ದು ತೆಗೆ, 10 ದಿನ ದಾಟಿದ್ದನ್ನು ತೆಗೆ. ಸುದ್ದಿಪತ್ರಗಳಿಗೆ ಮೂರನೆಯದು, ಡೆಲಿವರಿ ಸೂಚನೆಗಳಿಗೆ ನಾಲ್ಕನೆಯದು ಹೇಳಿ ಮಾಡಿಸಿದಂತಿವೆ. ಸ್ವೀಪ್ ನಿಯಮ ದಿನಕ್ಕೊಮ್ಮೆ ಓಡುವಂಥದ್ದು, ಕೂಡಲೇ ಫಲ ಕಾಣಲಿಲ್ಲವೆಂದು ಮತ್ತೆ ಮತ್ತೆ ಹಾಕಬೇಡಿ. ಇಷ್ಟು ಸರಳ ಸೌಲಭ್ಯ ಜಿಮೇಲ್‌ಗೆ ಇನ್ನೂ ಯಾಕೆ ಬಂದಿಲ್ಲವೋ.

ಲೇಬಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಲವತ್ತು ಲೇಬಲ್ ಮಾಡಿ ಒಂದೊಂದಕ್ಕೂ ಬಣ್ಣ ಕೊಟ್ಟವರು ಕೊನೆಗೆ ಹುಡುಕುವುದು ಸರ್ಚ್‌ನಲ್ಲೇ. ಹಣಕಾಸು, ಪ್ರಯಾಣ, ಉತ್ತರ ಬಾಕಿ ಎಂಬ ಮೂರು ನಾಲ್ಕು ಧಾರಾಳವಾಯಿತು.

ದುಡ್ಡು ಕೊಟ್ಟು ಬಳಸುವ ಆ್ಯಪ್‌ಗಳು

ಕ್ಲೀನ್ ಇಮೇಲ್, ಸೇನ್‌ಬಾಕ್ಸ್‌ನಂಥ ಚಂದಾ ಸೇವೆಗಳು ಕೆಲಸಕ್ಕೆ ಬಾರದವಲ್ಲ. ಜಿಮೇಲ್, ಔಟ್‌ಲುಕ್, ಕಚೇರಿಯ ಖಾತೆ ಹೀಗೆ ಮೂರು ನಾಲ್ಕು ಕಡೆ ಮೇಲ್ ಇರುವವರಿಗೆ, ದಿನಕ್ಕೆ ನೂರಾರು ಮೇಲ್ ನೋಡಲೇಬೇಕಾದವರಿಗೆ ಅವು ಸಮಯ ಉಳಿಸುತ್ತವೆ. ಸೇನ್‌ಬಾಕ್ಸ್ ಮುಖ್ಯವಲ್ಲದ್ದನ್ನು ಬೇರೆ ಫೋಲ್ಡರಿಗೆ ಸರಿಸುತ್ತದೆ, ತಪ್ಪಿದಾಗ ನೀವು ಮೇಲನ್ನು ಎಳೆದು ಸರಿಯಾದ ಜಾಗಕ್ಕೆ ಹಾಕಿದರೆ ಕಲಿತುಕೊಳ್ಳುತ್ತದೆ. ಒಂದೇ ಸಲ ಗುಡಿಸಿ ಸುಮ್ಮನಾಗಬೇಕೆನ್ನುವವರಿಗೆ ತಿಂಗಳ ಚಂದಾ ವ್ಯರ್ಥ.

ಪುಕ್ಕಟೆಯವುಗಳ ಬಗ್ಗೆ ಇನ್ನಷ್ಟು ಹುಷಾರು. ಇಂಥ ಆ್ಯಪ್ ಜೋಡಿಸುವಾಗ ಗೂಗಲ್ ತೋರಿಸುವ ಅನುಮತಿ ಪರದೆಯನ್ನು ಓದಿ: ನಿಮ್ಮ ಎಲ್ಲ ಮೇಲ್ ಓದುವ, ಬರೆಯುವ, ಕಳಿಸುವ, ಶಾಶ್ವತವಾಗಿ ಅಳಿಸುವ ಅಧಿಕಾರ ಕೇಳುತ್ತಿರಬಹುದು. ಮೇಲ್ ಖಾತೆ ಕೈಲಿದ್ದರೆ ಉಳಿದ ಖಾತೆಗಳ ಪಾಸ್‌ವರ್ಡ್ ಬದಲಿಸುವ ದಾರಿಯೂ ಕೈಲಿದ್ದ ಹಾಗೆ. ಅನ್‌ರೋಲ್ ಮಿ ಎಂಬ ಉಚಿತ ಸೇವೆಯ ಪ್ರಕರಣ ದಾಖಲೆಯಲ್ಲೇ ಇದೆ. ವೈಯಕ್ತಿಕ ಮೇಲ್ ಮುಟ್ಟುವುದಿಲ್ಲ ಎಂದು ಬಳಕೆದಾರರಿಗೆ ಭರವಸೆ ಕೊಟ್ಟು, ಅವರ ಖರೀದಿ ರಸೀದಿಗಳ ಮಾಹಿತಿಯನ್ನು ಮಾರುಕಟ್ಟೆ ವಿಶ್ಲೇಷಣೆಗಾಗಿ ತನ್ನ ಮಾತೃಸಂಸ್ಥೆಗೆ ಕೊಡುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆರೋಪ ಹೊರಿಸಿತು. ಅದೇ ವರ್ಷ ರಾಜಿ ಒಪ್ಪಂದವಾಗಿ, ಹಾಗೆ ಸಂಗ್ರಹಿಸಿದ ರಸೀದಿಗಳನ್ನು ಬಳಕೆದಾರರ ಒಪ್ಪಿಗೆ ಇಲ್ಲದಿದ್ದರೆ ಅಳಿಸಬೇಕು ಎಂದಾಯಿತು.

ಹಿಂದೆಂದೋ ಇಂಥದ್ದೊಂದಕ್ಕೆ ಅನುಮತಿ ಕೊಟ್ಟಿರಬಹುದು ಎನಿಸಿದರೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿ ಸಿಗುತ್ತದೆ. ಜಿಮೇಲ್ ಓದುವ ಅಧಿಕಾರ ಇರುವವುಗಳನ್ನು ಒಂದೊಂದಾಗಿ ತೆರೆದು ನೋಡಿ. ಅನುಮತಿ ರದ್ದು ಮಾಡಿದರೆ ಮುಂದೆ ಓದುವುದು ನಿಲ್ಲುತ್ತದೆ, ಆದರೆ ಈಗಾಗಲೇ ತೆಗೆದುಕೊಂಡದ್ದು ಅವರ ಬಳಿಯೇ ಇರುತ್ತದೆ. ಆದ್ದರಿಂದ ಮೊದಲು ಆ ಆ್ಯಪ್‌ನ ಒಳಗೇ ಹೋಗಿ ಖಾತೆಯನ್ನೂ ಮಾಹಿತಿಯನ್ನೂ ಅಳಿಸುವ ಕೋರಿಕೆ ಹಾಕಿ, ಆಮೇಲೆ ಗೂಗಲ್ ಕಡೆಯಿಂದ ಅನುಮತಿ ಕಿತ್ತುಹಾಕಿ.